ನೊಗ ಹೊತ್ತ ಜೋಡೆತ್ತು

ಕೇಳುಗರಿಗೆ ನಮಸ್ಕಾರ.

ನನ್ನ ಅಂಗೈಯಲ್ಲಿ ಈಗ ಒಂದು ಬೆಳ್ಳಿ ನಾಣ್ಯ ಇದೆ. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ತೂಕ ಮೂರು ಗ್ರಾಂ ಚಿಲ್ಲರೆ. ಒಂದು ಕಡೆ ದಪ್ಪ ಕತ್ತಿನ, ಹಣೆ ತುಂಬ ಗೆರೆಯಿರುವ ಬೋಳುತಲೆಯ ಮುದುಕ. ಇನ್ನೊಂದು ಕಡೆ ನೊಗ ಹೊತ್ತ ಜೋಡೆತ್ತು. ಮುದುಕ ಅಂದರೆ ರೋಮಿನ ಚಕ್ರವರ್ತಿ ವೆಸ್ಪಾಸಿಯನ್. ನಾಣ್ಯದ ಹೆಸರು ದಿನಾರಿಯಸ್. ನಮ್ಮ ಹಳೆಯ ಬರಹಗಳಲ್ಲಿ ಬರುವ ‘ದೀನಾರ’ ಹುಟ್ಟಿದ್ದು ಈ ಹೆಸರಿನಿಂದಲೇ.

ಈತ ಯುದ್ಧದ ಗೆಲುವನ್ನೂ ಬೆಳ್ಳಿಯ ಮೇಲೆ ಹಾಕಿಸಿದವನು. ಸೋತ ಜುದೇಯವನ್ನು, ಅಂದರೆ ಯಹೂದ್ಯರ ನಾಡನ್ನು, ನೆಲದ ಮೇಲೆ ಕುಳಿತು ಅಳುವ ಹೆಂಗಸಾಗಿ ತೋರಿಸಿದ ನಾಣ್ಯಗಳಿವೆ. ನನಗೆ ಮಾತ್ರ ಈ ಎತ್ತುಗಳೇ ಜಾಸ್ತಿ ಇಷ್ಟ. ವೆಸ್ಪಾಸಿಯನ್ ಅರಮನೆಯಲ್ಲಿ ಹುಟ್ಟಿದವನಲ್ಲ, ರೋಮಿನ ಹತ್ತಿರದ ಸಬೈನರ ಗುಡ್ಡಗಾಡು ಸೀಮೆಯವನು. ಆ ಮುಖ ನೋಡಿದರೆ ಹೊಲದ ಬದುವಿನ ಮೇಲೆ ನಿಂತ ಯಜಮಾನನ ಹಾಗೇ ಇದೆ.

ಎತ್ತುಗಳ ಜೊತೆ ಸಿ, ಓ, ಎಸ್ ಎಂಬ ಮೂರು ಅಕ್ಷರ, ಆಮೇಲೆ ರೋಮನ್ ಅಂಕಿಯಲ್ಲಿ ಎಂಟು. ಎಂಟನೆಯ ಸಲ ಕಾನ್ಸಲ್, ಅಂದರೆ ರೋಮಿನ ದೊಡ್ಡ ಅಧಿಕಾರಿ, ಆದವನು ಎಂದರ್ಥ. ಅವನು ಎಂಟನೆಯ ಸಲ ಆ ಹುದ್ದೆಗೆ ಬಂದದ್ದು ಕ್ರಿ.ಶ. 77ರಲ್ಲಿ, ಒಂಬತ್ತನೆಯ ಸಲ 79ರಲ್ಲಿ. ಅಲ್ಲಿಗೆ ಈ ನಾಣ್ಯ 77 ಅಥವಾ 78ರದ್ದು. ಹೀಗೆ ಲೆಕ್ಕ ಹಿಡಿದು ವರ್ಷ ಕಂಡುಕೊಂಡ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಇವೆಲ್ಲ ಕೈಯಲ್ಲಿ ಹೊಡೆದ ನಾಣ್ಯಗಳು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ, ಮೇಲಿಂದ ಸುತ್ತಿಗೆಯ ಏಟು. ನನ್ನ ನಾಣ್ಯಕ್ಕೆ ಏಟು ಓರೆಯಾಗಿ ಬಿದ್ದಿದೆ. ಒಂದು ಎತ್ತಿನ ಕೊಂಬು ಅಂಚಿನಾಚೆ ಹೋಗಿಬಿಟ್ಟಿದೆ.

ಮರದ ಟ್ರೇಯಲ್ಲಿ ನಾಣ್ಯಗಳನ್ನು ಕಾಲದ ಪ್ರಕಾರ ಜೋಡಿಸಿಟ್ಟಿದ್ದೇನೆ. ಎಡಗಡೆಯ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. 64ರಲ್ಲಿ ನೀರೋ ತೂಕವನ್ನೂ ಇಳಿಸಿದ, ತಾಮ್ರವನ್ನೂ ಬೆರೆಸಿದ. ಸುಮಾರು 200ರ ಹೊತ್ತಿಗೆ, ಸೆಪ್ಟಿಮಿಯಸ್ ಸೆವೆರಸ್‌ನ ಕಾಲದಲ್ಲಿ, ಅರ್ಧದಷ್ಟೇ ಬೆಳ್ಳಿ ಉಳಿದಿತ್ತು. ಸೈನಿಕರ ಸಂಬಳ ಏರುತ್ತಲೇ ಇತ್ತು, ಬೆಳ್ಳಿ ಸಾಲುತ್ತಿರಲಿಲ್ಲ. 260ರ ದಶಕದ ಗ್ಯಾಲಿಯೆನಸ್‌ನ ನಾಣ್ಯಕ್ಕೆ ಬಂದರೆ ಅದು ತಾಮ್ರವೇ. ಮೇಲಿನ ತೆಳು ಬೆಳ್ಳಿ ಸವೆದು ಕಂದು ಬಣ್ಣ ಇಣುಕುತ್ತದೆ. ಆ ಸಾಲನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಈಗ ನಮ್ಮ ಬೆಂಗಳೂರಿಗೆ ಬರೋಣ. 1891ರಲ್ಲಿ ಯಶವಂತಪುರದ ಹತ್ತಿರ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದಿನಾರಿಯಸ್ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್‌ರವೇ. ನೀರೋ ತಾಮ್ರ ಬೆರೆಸಿದ ಮೇಲಿನವು ತೀರ ಕಡಿಮೆ. ಇಲ್ಲಿನ ವ್ಯಾಪಾರಿಗಳು ಒಳ್ಳೆಯ ಬೆಳ್ಳಿಯನ್ನೇ ಆರಿಸಿ ತೆಗೆದುಕೊಂಡಿರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಕಾಳುಮೆಣಸು ಅಳೆದು ಕೊಡುವವರು ಕೈಗೆ ಬಂದ ಬೆಳ್ಳಿಯನ್ನು ಸುಮ್ನೆ ಗಂಟು ಕಟ್ಟುತ್ತಿದ್ದರೇ?

ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ಒಂದು ಮಾತು. ನನ್ನ ಮೊದಲ ನಾಣ್ಯವನ್ನು ಪೂಜೆಯ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ನೂರಾರು ವರ್ಷ ಕೂತಿದ್ದ ಕಪ್ಪು ಛಾಯೆ ಹತ್ತು ನಿಮಿಷದಲ್ಲಿ ಹೋಯಿತು. ಅದು ಮತ್ತೆ ಬರಲಿಲ್ಲ. ಆ ನೋವು ಇನ್ನೂ ಇದೆ. ದಯವಿಟ್ಟು ತಿಕ್ಕಬೇಡಿ. ಕೈ ಜಾರಿಸಬೇಡಿ. ಕೆಲವು ಹಳೆಯ ಬೆಳ್ಳಿ ಒಳಗೊಳಗೇ ಪುಡಿಯಾಗಿರುತ್ತದೆ, ಬಿದ್ದರೆ ಹಪ್ಪಳದಂತೆ ಮುರಿಯುತ್ತದೆ.

ನನ್ನ ಜೋಡೆತ್ತಿನ ನಾಣ್ಯ ಯಾವ ಮಣ್ಣಿನಲ್ಲಿ ಸಿಕ್ಕಿತು ಅಂತ ಮಾರಿದವರಿಗೂ ಗೊತ್ತಿರಲಿಲ್ಲ. ಯಾರ ಸಂಬಳವಾಗಿತ್ತೋ, ಯಾರು ಹೂತಿಟ್ಟರೋ, ಅದೆಲ್ಲ ಕಳೆದುಹೋಯಿತು. ಯಶವಂತಪುರದ ನಾಣ್ಯಗಳಿಗೆ ಅವುಗಳ ಜಾಗ ಗೊತ್ತು. ನಿಮ್ಮ ಹೊಲದಲ್ಲೋ ಮನೆ ಪಾಯದಲ್ಲೋ ಇಂಥದ್ದು ಕಂಡರೆ ತೊಳೆಯಬೇಡಿ, ಹಂಚಿಕೊಳ್ಳಬೇಡಿ. ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮಣ್ಣು ಮೆತ್ತಿದ ಹಾಗೇ ತೋರಿಸಿ, ಸಿಕ್ಕ ಜಾಗಕ್ಕೆ ಒಂದು ಗುರುತು ಇಟ್ಟುಕೊಳ್ಳಿ.

ನಮಸ್ಕಾರ.