ಹಿಮ್ಮಡಿಯ ಹಿಂದೆ ಕೇಳಿಸುವ ಸದ್ದು

ಬಾನುಲಿ ಕೇಳುಗರಿಗೆ ನಮಸ್ಕಾರ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಮಳೆ ನಿಂತೊಡನೆ ವಾಲಿಬಾಲ್, ಕಬಡ್ಡಿ, ಶಟಲ್ ಪಂದ್ಯಾಟಗಳು ಆರಂಭವಾಗುತ್ತವೆ. ಹಗಲೆಲ್ಲ ತೋಟದಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ರಾತ್ರಿ ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಆಡುವ, ಮೂವತ್ತು ದಾಟಿ ಐವತ್ತರ ಒಳಗಿರುವ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಎಲುಬು ತಜ್ಞನಾದ ನಾನು ಇಂದು ಮಾತನಾಡುತ್ತಿದ್ದೇನೆ. ಏಕೆಂದರೆ ಹಿಮ್ಮಡಿಯ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಜೋಡಿಸುವ ಹಗ್ಗದಂಥ ಭಾಗ, ಹರಿದುಹೋಗುವುದು ಹೆಚ್ಚಾಗಿ ಇವರಲ್ಲಿಯೇ.

ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಒಂದುಗೂಡಿ, ಸುಮಾರು 15 ಸೆಂಟಿಮೀಟರ್ ಉದ್ದದ ದಪ್ಪನೆಯ ರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುತ್ತವೆ. ವೈದ್ಯರು ಇದನ್ನು ಅಖಿಲೀಸ್ ಟೆಂಡನ್ ಎನ್ನುತ್ತಾರೆ. ಇಡೀ ದೇಹದಲ್ಲಿ ಇದಕ್ಕಿಂತ ಬಲವಾದ ಸ್ನಾಯುರಜ್ಜು ಇನ್ನೊಂದಿಲ್ಲ. ಆದರೂ ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತ ಪೂರೈಕೆ ಕಡಿಮೆ. ನೆಟ್ಟಿನ ಬಳಿ ಬೀಳುವ ಶಟಲ್‌ಗಾಗಿ ಪಾದದ ತುದಿಯನ್ನು ಒತ್ತಿ ಒಮ್ಮೆಲೇ ಮುನ್ನುಗ್ಗಿದಾಗ ಅದು ಹರಿಯುವುದು ಸಾಮಾನ್ಯವಾಗಿ ಅಲ್ಲಿಯೇ.

ಬದಿಯಡ್ಕದ ಕಡೆಯ ಅಡಕೆ ಕೃಷಿಕರೊಬ್ಬರ ವಿಷಯವನ್ನು ಹೇಳಲೇಬೇಕು. ದೀಪಾವಳಿಯ ಸಮಯದಲ್ಲಿ ಗೆಳೆಯರೊಂದಿಗೆ ಶಟಲ್ ಆಡುತ್ತಿದ್ದಾಗ ಅವರಿಗೆ ಹಿಮ್ಮಡಿಯ ಹಿಂದೆ ಟಪ್ಪೆಂದು ಸದ್ದು ಕೇಳಿಸಿತು. ಜತೆಗಾರನ ರ‍್ಯಾಕೆಟ್ ತನಗೆ ಬಡಿಯಿತೆಂದು ತಿಳಿದು ಅವರು ಸಿಟ್ಟಿನಿಂದ ಹಿಂದಿರುಗಿ ನೋಡಿದರು. ಜತೆಗಾರನು ಅಂಕಣದ ಇನ್ನೊಂದು ಮೂಲೆಯಲ್ಲಿದ್ದನು. ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯಿತು, ಕುಂಟುತ್ತಲಾದರೂ ನಡೆಯಲು ಸಾಧ್ಯವಾಯಿತು, ಮರುದಿನ ತೆಗೆಸಿದ ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ. ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ಉಜ್ಜಿಸಿಕೊಂಡರು; ಬಾವು ಇಳಿದಾಗ ಗುಣವಾಯಿತೆಂದೇ ನಂಬಿದರು. ಕಾಳುಮೆಣಸು ಕೊಯ್ಯುವ ಕಾಲ ಬಂದು ಏಣಿ ಹತ್ತಿದಾಗ ಮಾತ್ರ ಆ ಕಾಲಿನ ತುದಿಯ ಮೇಲೆ ಭಾರ ಹಾಕಲು ಆಗುವುದಿಲ್ಲವೆಂಬುದು ಅವರಿಗೆ ತಿಳಿಯಿತು. ಅವರು ನನ್ನ ಬಳಿಗೆ ಬರುವ ವೇಳೆಗೆ ಹರಿದ ತುದಿಗಳು ದೂರ ಸರಿದು, ಮೀನಖಂಡ ಸೊರಗಿಹೋಗಿತ್ತು. ಬೇಗನೆ ಬಂದಿದ್ದರೆ ಪ್ಲಾಸ್ಟರಿನಲ್ಲಿಯೇ ಗುಣವಾಗುವ ಸಾಧ್ಯತೆಯಿದ್ದ ಗಾಯಕ್ಕೆ, ಹೆಬ್ಬೆರಳನ್ನು ಬಗ್ಗಿಸುವ ಸ್ನಾಯುರಜ್ಜುವನ್ನು ತೆಗೆದು ಹಿಮ್ಮಡಿಗೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕಾಯಿತು.

ಆದ್ದರಿಂದ ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ: ಹಿಂದಿನಿಂದ ಯಾರೋ ಒದ್ದಂತೆ ಭಾಸವಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ, ಮೀನಖಂಡವನ್ನು ಹಿಂಡಿ ನೋಡಿಸಿಕೊಳ್ಳಬೇಕು. ಗಾಯಗೊಂಡವರು ಬೆಂಚಿನ ಮೇಲೆ ಕವುಚಿ ಮಲಗಿ ಪಾದಗಳನ್ನು ಅಂಚಿನಿಂದ ಹೊರಗೆ ಇಳಿಬಿಡಲಿ. ಇನ್ನೊಬ್ಬರು ಒಂದೊಂದೇ ಮೀನಖಂಡವನ್ನು ಅಂಗೈಯಿಂದ ಹಿಂಡಲಿ. ಒಳ್ಳೆಯ ಕಾಲಿನ ಪಾದ ತಾನಾಗಿಯೇ ಅಲುಗುತ್ತದೆ. ರಜ್ಜು ಪೂರ್ತಿ ಹರಿದ ಕಾಲಿನ ಪಾದ ಅಲುಗುವುದಿಲ್ಲ. 1957ರಲ್ಲಿ ಸಿಮಂಡ್ಸ್, 1962ರಲ್ಲಿ ಥಾಂಪ್ಸನ್ ಎಂಬ ವೈದ್ಯರು ವಿವರಿಸಿದ ಈ ಪರೀಕ್ಷೆಗೆ ಯಂತ್ರವೂ ಬೇಡ, ಹಣವೂ ಬೇಡ. ಹೀಗಿದ್ದರೂ ಎಕ್ಸ್‌ರೇ ಸರಿಯಾಗಿದೆ ಎಂಬ ಒಂದೇ ಮಾತಿನ ಮೇಲೆ ಜನ ವಾರಗಟ್ಟಲೆ ಉಜ್ಜಿಸಿಕೊಳ್ಳುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದು ಎಲುಬು. ಹರಿದ ರಜ್ಜು ಅದರಲ್ಲಿ ಕಾಣಿಸುವುದಿಲ್ಲ.

ನಡೆಯಲು ಆಗುತ್ತದೆ, ಹಾಗಾಗಿ ಏನೂ ಆಗಿಲ್ಲ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಪಾದವನ್ನು ಕೆಳಕ್ಕೆ ಬಗ್ಗಿಸಲು ಬೇರೆ ಸಣ್ಣ ಸ್ನಾಯುಗಳೂ ಇರುವುದರಿಂದ, ಮುಖ್ಯ ರಜ್ಜು ಹರಿದಿದ್ದರೂ ನಾಲ್ಕು ಹೆಜ್ಜೆ ಇಡಬಹುದು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರ್ಯಾಂಟ್ ಅವರು 2013ರ ಏಪ್ರಿಲ್‌ನಲ್ಲಿ ಇದೇ ರಜ್ಜು ಹರಿದ ಮೇಲೆಯೂ ನಡೆದುಕೊಂಡು ಹೋಗಿ ಎರಡು ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದ್ದರು. ಫುಟ್‌ಬಾಲ್ ಪ್ರಿಯರು ಬಲ್ಲ ಡೇವಿಡ್ ಬೆಕಮ್ ಅವರಿಗೆ 2010ರ ವಿಶ್ವಕಪ್ ತಪ್ಪಿಹೋದದ್ದೂ ಈ ಗಾಯದಿಂದಲೇ. ನಡೆಯಲು ಆಗುತ್ತದೆಯೇ ಎಂದು ಕೇಳಬೇಡಿ. ಮೀನಖಂಡ ಹಿಂಡಿದಾಗ ಪಾದ ಅಲುಗುತ್ತದೆಯೇ ಎಂದು ಕೇಳಿ.

ಸಮಯ ಕಡಿಮೆಯಿರುವುದರಿಂದ ಉಳಿದುದನ್ನು ಚುಟುಕಾಗಿ ಹೇಳುತ್ತೇನೆ. ಪಾದ ಅಲುಗದಿದ್ದರೆ ಆ ಕಾಲನ್ನು ಊರದೆ, ಉಜ್ಜದೆ, ಅಂದೇ ಅಥವಾ ಮರುದಿನವೇ ಎಲುಬು ತಜ್ಞರನ್ನು ಕಾಣಿರಿ. ಪ್ಲಾಸ್ಟರ್ ಅಥವಾ ವಿಶೇಷ ಬೂಟು ಸಾಕೇ, ಹೊಲಿಗೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಪ್ಲಾಸ್ಟರ್ ಇರುವಾಗ ಮೀನಖಂಡದಲ್ಲಿ ನೋವು ಹೆಚ್ಚಾದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ, ರಕ್ತ ಹೆಪ್ಪುಗಟ್ಟಿರಬಹುದಾದ್ದರಿಂದ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಗಳು ಈ ರಜ್ಜುವನ್ನು ದುರ್ಬಲಗೊಳಿಸಬಲ್ಲವು. ಅವುಗಳನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಬೇಡಿ, ವೈದ್ಯರು ಕೊಟ್ಟಿದ್ದರೆ ಆಟವಾಡುವ ಮೊದಲು ಅವರನ್ನೇ ಕೇಳಿ.

ಮತ್ತೆ ಆಡಲು ಆರು ತಿಂಗಳಿಂದ ಒಂದು ವರ್ಷದವರೆಗೆ ಬೇಕಾಗುತ್ತದೆ. ನೋವಿಲ್ಲದೆ ನಡೆದೊಡನೆ ಅಂಕಣಕ್ಕೆ ಇಳಿಯಬೇಡಿ. ಗಾಯಗೊಂಡ ಕಾಲೊಂದರ ಮೇಲೆಯೇ ನಿಂತು, ಇನ್ನೊಂದು ಕಾಲಿನಷ್ಟೇ ಸಲೀಸಾಗಿ ಹಿಮ್ಮಡಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಲು ಸಾಧ್ಯವಾಗುವವರೆಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಬಿಡದೆ ಮಾಡಿರಿ. ನಮಸ್ಕಾರ.