ಧಾಟಿ ಸಾಲ, ಮಾತು ಸ್ವಂತ

ಎಲ್ರಿಗೂ ನಮಸ್ಕಾರ. ಹಿಂದೆ ಕೇಳಿಸ್ತಿದ್ಯಾ? ಸರಿ. ಹಿಂದಿನ ಸಾಲಿನ ಹುಡುಗ್ರು ಮುಂದೆ ಬನ್ನಿ ಅಂತ ನಾನು ಹೇಳಲ್ಲ, ನಾನೂ ಓದೋ ಕಾಲದಿಂದ ಹಿಂದಿನ ಸಾಲಿನ ಗಿರಾಕಿನೇ. ಅಧ್ಯಕ್ಷ್ರು ಅರ್ಧ ಗಂಟೆ ಕೊಟ್ಟಿದಾರೆ, ನಾನು ಏಳು ಪಾಯಿಂಟ್ ಬರ್ಕೊಂಡು ಬಂದಿದೀನಿ, ಎಷ್ಟು ಆಗತ್ತೋ ಅಷ್ಟು, ಊಟದ ವಾಸನೆ ಬರೋಕೆ ಶುರುವಾದ್ರೆ ನನ್ನ ಮಾತು ಯಾರೂ ಕೇಳಲ್ಲ ಅಂತ ಗೊತ್ತು.

ನಾಳೆಯಿಂದ ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ನಮ್ಮ ಕನ್ನಡ ಕೂಟದಲ್ಲಿ ಮಕ್ಕಳಿಗೆ ಹಾಡು ಬರೆಯೋ ಶಿಬಿರ ಶುರು. ಪೋಸ್ಟರ್ ಚೆನ್ನಾಗಿದೆ, ಆದ್ರೆ ಅದರಲ್ಲಿ ಒಂದು ಸಾಲಿದೆ ನೋಡಿ, "ನಿಮ್ಮ ಭಾವನೆಗಳಿಗೆ ಅಕ್ಷರ ಕೊಡಿ" ಅಂತ. ಅದನ್ನ ನೋಡಿದಾಗ್ಲಿಂದ ನಂಗೆ ಹೊಟ್ಟೆ ಒಳಗೆ ಏನೋ ಕಿರಿಕಿರಿ. ಪೋಸ್ಟರ್ ಮಾಡಿದೋರು ಇಲ್ಲೇ ಇದಾರೆ, ಬೇಜಾರು ಮಾಡ್ಕೋಬೇಡಿ. ಹನ್ನೆರಡು ವರ್ಷದ ಮಗೂನ ಕೂರಿಸಿ ಖಾಲಿ ಹಾಳೆ ಕೊಟ್ಟು ಭಾವನೆ ಬರಿ ಅಂದ್ರೆ ಅದು ಪೆನ್ಸಿಲ್ ಕಚ್ಕೊಂಡು ಕೂರತ್ತೆ ಅಷ್ಟೇ. ಭಾವನೆ ಎಲ್ಲೂ ಹೋಗಲ್ಲ, ಆಮೇಲೆ ಬರತ್ತೆ. ಮೊದಲು ಧಾಟಿ. ಇವತ್ತು ನಾನು ಏನೇನು ಹೇಳಿದ್ರೂ ಇದೊಂದೇ ಮಾತು, ಮೊದಲು ಧಾಟಿ.

ಇದನ್ನ ನಾನು ಕಲ್ತಿದ್ದು ನಮ್ಮ ಪಕ್ಕದ ಬೆಟ್ಟದಲ್ಲೇ. ನಾವೆಲ್ಲ ವರ್ಷಾ ವರ್ಷಾ ಅಕ್ಟೋಬರಲ್ಲಿ ಐ-40 ಹೆದ್ದಾರಿ ಹಿಡ್ದು ಪಶ್ಚಿಮಕ್ಕೆ ನಾಲ್ಕು ಗಂಟೆ ಡ್ರೈವ್ ಮಾಡ್ತೀವಿ, ಬ್ಲೂ ರಿಜ್ ಪಾರ್ಕ್‌ವೇನಲ್ಲಿ ಕೆಂಪು ಎಲೆ ಮುಂದೆ ನಿಂತು ಫೋಟೋ ತೆಗೀತೀವಿ, ಡಿಕ್ಕಿ ತೆಗ್ದು ಪುಳಿಯೋಗರೆ ತಿಂತೀವಿ, ವಾಪಸ್ ಬರ್ತೀವಿ. ಆ ಬೆಟ್ಟದಲ್ಲಿ ಜನ ಏನು ಹಾಡ್ತಾರೆ ಅಂತ ಇಪ್ಪತ್ತು ವರ್ಷ ನಾನೂ ಕೇಳಿರ್ಲಿಲ್ಲ. ಆ ಬೆಟ್ಟದ ಸೀಮೆ ಹೆಸರೇ ತಪ್ಪಾಗಿ ಹೇಳ್ತಿದ್ದೆ. ಅಪಲೇಷಿಯಾ ಅಂದ್ರೆ ನೀವು ಹೊರಗಿನೋರು, ಆಪಲ್ಯಾಚಾ ಅಂದ್ರೆ ಕಾಫಿ ಕೊಡ್ತಾರೆ. ನಮ್ಮಲ್ಲಿ ಬ್ಯಾಂಗ್ಲೋರ್ ಅನ್ನೋರಿಗೂ ಬೆಂಗ್ಳೂರು ಅನ್ನೋರಿಗೂ ಇರೋ ವ್ಯತ್ಯಾಸ.

ಒಂದು ಜುಲೈನಲ್ಲಿ ಧೈರ್ಯ ಮಾಡಿ ಅಲ್ಲಿಯ ಒಂದು ವಾರದ ಹಾಡು ಬರೆಯೋ ಕ್ಲಾಸಿಗೆ ಸೇರ್ಕೊಂಡೆ. ಬೇಸಿಗೆಯಲ್ಲಿ ಕಾಲೇಜು ಖಾಲಿ ಇರತ್ತಲ್ಲ, ಹಾಸ್ಟೆಲಲ್ಲಿ ಮಲಗೋದು, ಮೆಸ್ಸಲ್ಲಿ ತಿನ್ನೋದು, ಹಗಲು ಕ್ಲಾಸು, ರಾತ್ರಿ ಮರದ ಕೆಳಗೆ ಫಿಡಲ್ಲು ಬ್ಯಾಂಜೋ. ಇಂಥವು ಆ ಬೆಟ್ಟದ ಉದ್ದಕ್ಕೂ ಇವೆ, ಆಶ್‌ವಿಲ್ ಹತ್ರ ಸ್ವಾನನೋವಾ ಗ್ಯಾದರಿಂಗ್ ಅಂತ 1992ರಿಂದ ನಡೀತಿದೆ, ವೆಸ್ಟ್ ವರ್ಜಿನಿಯಾದ ಎಲ್ಕಿನ್ಸಲ್ಲಿ ಆಗಸ್ಟಾ ಅಂತ ಇನ್ನೂ ಹಳೇದು. ನಮ್ಮ ಟೀಚರಮ್ಮ ಎಪ್ಪತ್ತು ದಾಟಿದೋರು. ನಾನು ಹೊಸಾ ನೋಟ್‌ಬುಕ್ಕು, ಎರಡು ಪೆನ್ನು, ಲ್ಯಾಪ್‌ಟಾಪು ಎಲ್ಲ ಜೋಡಿಸ್ಕೊಂಡು ಕೂತೆ. ಅವ್ರು ಬಂದು ಮೊದಲು ಹೇಳಿದ್ದೇ "ಬುಧವಾರದ ತನಕ ಪೆನ್ನು ಮುಟ್ಬೇಡಿ" ಅಂತ. ಫೀಸು ಕಟ್ಟಿದೀನಿ ತಾಯಿ ಅನ್ನೋಣ ಅನ್ನಿಸ್ತು.

ಎರಡು ದಿನ ಏನು ಮಾಡಿಸಿದ್ರು ಅಂದ್ರೆ, ಕುರ್ಚಿ ಎಳ್ಕೊಂಡು ಎದುರುಬದುರು ಕೂರಿಸಿ ಹಳೇ ಹಾಡು ಹೇಳ್ಕೊಟ್ರು. ಒಂದು ಸಾಲು ಅವ್ರು, ಒಂದು ಸಾಲು ನಾವು. ಅಲ್ಲಿ ಇದಕ್ಕೆ ಮೊಣಕಾಲಿಗೆ ಮೊಣಕಾಲು ಕೊಟ್ಟು ಕಲಿಯೋದು ಅಂತಲೇ ಹೆಸರು. ನಾರ್ತ್ ಕ್ಯಾರೊಲಿನಾದ ಮ್ಯಾಡಿಸನ್ ಕೌಂಟಿಯ ಶೀಲಾ ಕೇ ಆಡಮ್ಸ್ ಅಂತ ಗಾಯಕಿ, 2013ರಲ್ಲಿ ರಾಷ್ಟ್ರ ಮಟ್ಟದ ಹೆರಿಟೇಜ್ ಫೆಲೋಶಿಪ್ ಬಂತು ಅವ್ರಿಗೆ, ಅವ್ರೂ ಚಿಕ್ಕಂದಲ್ಲಿ ಮನೆತನದ ದೊಡ್ಡಮ್ಮ ಒಬ್ರ ಮುಂದೆ ಹೀಗೇ ಕೂತು ಕಲ್ತಿದ್ದು. ಪಕ್ಕವಾದ್ಯ ಇಲ್ಲ, ಬರೀ ಗಂಟಲು. ಇನ್ನೊಂದು ತಮಾಷೆ, ಆ ಕಡೆ ಹಳಬರು ಈ ಕಥನ ಹಾಡುಗಳಿಗೆ "ಲವ್ ಸಾಂಗ್" ಅಂತಿದ್ರು. ಒಳಗೆ ನೋಡಿದ್ರೆ ಒಂದರಲ್ಲಿ ಕೊಲೆ, ಇನ್ನೊಂದರಲ್ಲಿ ಹೊಳೆಗೆ ತಳ್ಳೋದು, ಮತ್ತೊಂದರಲ್ಲಿ ವಿಷ. ನಮ್ಮನೆಯೋರು ಫೋನಲ್ಲಿ ಕೇಳಿ, "ಲವ್ ಮ್ಯಾರೇಜ್ ಬೇಡ ಅಂತ ಹಿರಿಯರು ಇದಕ್ಕೇ ಹೇಳ್ತಿದ್ರಾ" ಅಂದ್ಲು.

ಅವಳು ಇನ್ನೊಂದು ಮಾತೂ ಅಂದ್ಲು, ಅದು ತಮಾಷೆ ಅಲ್ಲ. "ಇದು ಮೋಹನ ಅಲ್ವೇನ್ರೀ?" ರಾಗ ಅಂತ ಅಲ್ಲ ಬಿಡಿ, ಗಮಕ ಗಿಮಕ ಏನಿಲ್ಲ, ಆದ್ರೆ ಅಲ್ಲಿಯ ತುಂಬಾ ಹಾಡು ಐದೇ ಸ್ವರದ ಮೇಲೆ ನಿಂತಿರತ್ತೆ, ಅದಕ್ಕೆ ನಮ್ಮ ಕಿವಿಗೆ ಪರಿಚಯದೋರ ಥರ ಕಾಣತ್ತೆ. ತೊಡೆ ಮೇಲೆ ಇಟ್ಕೊಂಡು ನುಡಿಸೋ ಡಲ್ಸಿಮರ್ ನೋಡಿದೀರಲ್ಲ, ಅದರಲ್ಲಿ ಒಂದು ತಂತಿ ಹಾಡತ್ತೆ, ಉಳಿದವು ಶ್ರುತಿ ಹಿಡ್ಕೊಂಡಿರತ್ತೆ, ಥೇಟ್ ತಂಬೂರಿ ಕೆಲಸ. ಬ್ಯಾಂಜೋದ ಗಿಡ್ಡ ಐದನೇ ತಂತೀನೂ ಹಾಗೇ, ಒಂದೇ ಸ್ವರ ಟಿಂಗ್ ಟಿಂಗ್ ಅಂತ. ಆ ಬ್ಯಾಂಜೋ ಆಫ್ರಿಕಾದಿಂದ ಗುಲಾಮರಾಗಿ ಬಂದೋರ ಕೈಯಿಂದ ಬಂದಿದ್ದು, ಹಾಡುಗಳು ಸ್ಕಾಟ್ಲೆಂಡ್ ಇಂಗ್ಲೆಂಡ್ ಐರ್ಲೆಂಡಿಂದ ಬಂದಿದ್ದು, ಬೆಟ್ಟದಲ್ಲಿ ಸಂಸಾರ ಮಾಡಿದ್ದು.

1916ರಿಂದ 18ರ ತನಕ ಸೆಸಿಲ್ ಶಾರ್ಪ್ ಅಂತ ಇಂಗ್ಲೆಂಡಿನ ಮೇಷ್ಟ್ರು ಸಹಾಯಕಿ ಮಾಡ್ ಕಾರ್ಪಲೆಸ್‌ನ ಕರ್ಕೊಂಡು ಬೆಟ್ಟ ಹತ್ತಿ ಹಾಡು ಬರ್ಕೊಂಡು ಹೋದ್ರು. ಹಾಟ್ ಸ್ಪ್ರಿಂಗ್ಸ್ ಅನ್ನೋ ಊರಲ್ಲಿ ಜೇನ್ ಹಿಕ್ಸ್ ಜೆಂಟ್ರಿ ಅನ್ನೋ ಒಬ್ಬಾಕೆ ಹತ್ರಾನೇ ಎಪ್ಪತ್ತರ ಹತ್ರ ಹಾಡು ಸಿಕ್ತು. ದೊಡ್ಡ ಕೆಲಸ, ಅಲ್ಲ ಅನ್ನಲ್ಲ. ಆದ್ರೆ ಅವ್ರಿಗೆ ಬೇಕಿದ್ದದ್ದು ಹಳೇ ಇಂಗ್ಲೆಂಡು, ಆವತ್ತಿಂದ ಜನಕ್ಕೆ ಇದೊಂದು ಮ್ಯೂಸಿಯಂ ಅಂತ ತಲೇಲಿ ಕೂತ್ಬಿಡ್ತು. ಬೆಟ್ಟದೋರು ಮಾತ್ರ ಹಳೇ ಧಾಟಿಗೆ ಹೊಸಾ ಮಾತು ಹಾಕೋದನ್ನ ಒಂದಿನಾನೂ ಬಿಟ್ಟಿರ್ಲಿಲ್ಲ.

ಈಗ ಫ್ಲಾರೆನ್ಸ್ ರೀಸ್ ಕಥೆಗೆ ಬರ್ತೀನಿ. ಕಾರ್ಯದರ್ಶಿಗಳು ಗಡಿಯಾರ ನೋಡ್ತಿದಾರೆ, ಪರವಾಗಿಲ್ಲ, ಇದನ್ನ ನಾನು ಯಾರು ಸಿಕ್ರೂ ಹೇಳ್ತೀನಿ.

1931, ಕೆಂಟಕಿಯ ಹಾರ್ಲನ್ ಕೌಂಟಿ. ಕಲ್ಲಿದ್ದಲ ಗಣಿ ಊರು, ಕಾರ್ಮಿಕರ ಮುಷ್ಕರ, ಕಂಪನಿ ಒಂದು ಕಡೆ, ಯೂನಿಯನ್ ಇನ್ನೊಂದು ಕಡೆ, ಗುಂಡೇಟು ಎಲ್ಲ ನಡೆದಿರೋ ಕಾಲ. ಈಯಮ್ಮನ ಗಂಡ ಸ್ಯಾಮ್ ರೀಸ್ ಯೂನಿಯನ್ ಕಟ್ತಿದ್ದೋನು. ಶೆರಿಫ್, ಅಂದ್ರೆ ಅಲ್ಲಿಯ ಪೊಲೀಸ್ ಮುಖ್ಯಸ್ಥ, ಬ್ಲೇರ್ ಅನ್ನೋನ ಕಡೆಯೋರು ಬಂದೂಕು ಹಿಡ್ಕೊಂಡು ಮನೆಗೆ ನುಗ್ಗಿದ್ರು. ಸುಳಿವು ಸಿಕ್ಕಿ ಗಂಡ ಮೊದಲೇ ಜಾಗ ಖಾಲಿ ಮಾಡಿದ್ದ. ಮನೇಲಿ ಇರೋದು ಈಯಮ್ಮ, ಮಕ್ಕಳು. ಮನೆಯೆಲ್ಲ ಕೆದಕಿದ್ರು, ಆಮೇಲೆ ಗಂಡ ಬಂದ್ರೆ ಹಿಡಿಯೋಣ ಅಂತ ಹೊರಗೆ ಕಾದ್ರು. ಮೂವತ್ತೊಂದು ವರ್ಷದ ಹೆಂಗಸು, ಕೈಯಲ್ಲಿ ಏನಿದೆ? ಗೋಡೆ ಮೇಲಿದ್ದ ಕ್ಯಾಲೆಂಡರಿಂದ ಒಂದು ಹಾಳೆ ಹರ್ದು ಹಾಡು ಬರೆದ್ಲು. ಒಂದು ಕ್ಷಣ ಯೋಚ್ನೆ ಮಾಡಿ, ಕ್ಯಾಲೆಂಡರ್! ನಮ್ಮಮ್ಮ ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೀತಿದ್ರು, ಹಾಳೆ ಹರಿದಿದ್ರೆ ನಂಗೆ ಬೀಳ್ತಿತ್ತು ಏಟು.

ಆ ಹಾಡು "ನೀನು ಯಾವ ಕಡೆ" ಅಂತ ಕೇಳತ್ತೆ, ಅಷ್ಟೇ ಅದರ ಪಲ್ಲವಿ. ಆ ಸ್ಥಿತಿಯಲ್ಲಿ ರಾಗ ಹುಡುಕ್ತಾ ಕೂರೋಕಾಗತ್ತಾ? ಬ್ಯಾಪ್ಟಿಸ್ಟ್ ಚರ್ಚಲ್ಲಿ ಹಾಡ್ತಿದ್ದ ಹಳೇ ಧಾಟಿ ಬಾಯಲ್ಲೇ ಇತ್ತು, ಅದಕ್ಕೇ ಹಾಕಿದ್ಲು. ಊರಿಗೆಲ್ಲ ಗೊತ್ತಿರೋ ಧಾಟಿ, ಪಲ್ಲವಿ ಯಾರಿಗೂ ಹೇಳ್ಕೊಡೋ ಹಾಗೇ ಇಲ್ಲ, ಎರಡನೇ ಸಲಕ್ಕೆ ಎಲ್ಲರೂ ಹಾಡ್ತಾರೆ. ಈಯಮ್ಮ ಹೊಸಾ ಟ್ಯೂನ್ ಕಟ್ಟಿದ್ದಿದ್ರೆ ಆ ಹಾಳೆ ಅವತ್ತೇ ಒಲೆಗೆ ಹೋಗ್ತಿತ್ತು. ಹತ್ತು ವರ್ಷಕ್ಕೆ ನ್ಯೂಯಾರ್ಕಿನ ಗಾಯಕರು ರೆಕಾರ್ಡ್ ಮಾಡಿದ್ರು. 1973ರಲ್ಲಿ ಅದೇ ಹಾರ್ಲನ್‌ನಲ್ಲಿ ಮತ್ತೆ ಮುಷ್ಕರ ಆದಾಗ ಮುದುಕಿಯಾಗಿದ್ದ ಈಯಮ್ಮನೇ ಬಂದು ನಿಂತು ಹಾಡಿದ್ರು, ಗಂಟಲು ನಡುಗ್ತಿತ್ತು. ಆ ಮುಷ್ಕರದ ಮೇಲಿನ ಡಾಕ್ಯುಮೆಂಟರಿಗೆ ಆಸ್ಕರ್ ಬಂತು, ಅದರಲ್ಲಿ ಇದೆ, ನೋಡಿ.

ಕಾಗದದ ವಿಷ್ಯ ಬಂತು ಅಂತ ಹೇಳ್ತೀನಿ, ಟೆನೆಸ್ಸಿ ಬೆಟ್ಟದ ಗಾಯಕಿ ಡಾಲಿ ಪಾರ್ಟನ್, ತಾಯಿ ಚಿಂದಿ ಬಟ್ಟೆ ಜೋಡಿಸಿ ಹೊಲಿದ ಕೋಟಿನ ಹಾಡು ಬರೆದಿದ್ದು 1969ರಲ್ಲಿ ಬಸ್ಸಲ್ಲಿ, ಡ್ರೈಕ್ಲೀನಿಂಗ್ ರಸೀದಿ ಮೇಲೆ. ನಾನು ಮೂವತ್ತು ಡಾಲರ್ ನೋಟ್‌ಬುಕ್ ತಗೊಂಡು ಹೋಗಿದ್ದೆ.

ಇದೆಲ್ಲ ನಮಗೇನು ಹೊಸದಾ? ಹಳೇ ಪದದ ಪುಸ್ತಕ ತೆಗೀರಿ, ಹಾಡಿನ ತಲೆ ಮೇಲೆ ಬ್ರ್ಯಾಕೆಟ್ಟಲ್ಲಿ "ಧಾಟಿ" ಅಂತ ಹಾಕಿ ಇನ್ನೊಂದು ಹಾಡಿನ ಮೊದಲ ಸಾಲು ಕೊಟ್ಟಿರ್ತಾರೆ. ನಮ್ಮಜ್ಜಿ ತಿಪಟೂರು ಕಡೆ ಮದುವೆ ಮನೇಲಿ ಬೀಗರನ್ನ ಆಡ್ಕೊಳ್ಳೋ ಹಾಡು ಹೇಳೋರು. ಧಾಟಿ ಒಂದೇ, ಗಂಡಿನ ಕಡೆಯೋರು ಮಾತ್ರ ಪ್ರತಿ ಸಲ ಹೊಸಬರು. ಬೀಗಿತ್ತಿ ಸೀರೆ, ಬೀಗರ ಹೊಟ್ಟೆ, ಎರಡನೇ ಸಲ ಹೋಳಿಗೆ ಕೇಳಿದ ಚಿಕ್ಕಪ್ಪ, ಎಲ್ಲ ಹತ್ತೇ ನಿಮಿಷದಲ್ಲಿ ಹಾಡಿಗೆ ಬಂದ್ಬಿಡೋದು. ಅಜ್ಜಿ ಸಾಂಗ್‌ರೈಟರ್ ಅಂತ ಯಾರೂ ಹೇಳ್ಲಿಲ್ಲ, ಅವ್ರಿಗೂ ಗೊತ್ತಿರ್ಲಿಲ್ಲ.

ಸಾಲ ಅಂದೆ, ಸಾಲಕ್ಕೆ ಲೆಕ್ಕಾನೂ ಇರ್ಬೇಕು. ಕಾರ್ಟರ್ ಫ್ಯಾಮಿಲಿ ಅನ್ನೋ ಹಾಡಿನ ತಂಡದ ಹೆಸರು ಕೇಳಿರ್ತೀರಿ, 1927ರಲ್ಲಿ ಟೆನೆಸ್ಸಿಯ ಬ್ರಿಸ್ಟಲಲ್ಲಿ ರೆಕಾರ್ಡ್ ಮಾಡಿ ಹೆಸರಾದೋರು. ಎ.ಪಿ. ಕಾರ್ಟರ್ ಬೆಟ್ಟ ಬೆಟ್ಟ ಅಲೆದು ಹಾಡು ಕೂಡಿಸ್ತಿದ್ರು, ಜೊತೆಗೆ ಹೋಗ್ತಿದ್ದೋರು ಲೆಸ್ಲಿ ರಿಡಲ್ ಅನ್ನೋ ಕಪ್ಪು ಗಿಟಾರ್ ವಾದಕರು. ಸಿಮೆಂಟ್ ಫ್ಯಾಕ್ಟರಿ ಅಪಘಾತದಲ್ಲಿ ಒಂದು ಕಾಲು ಹೋಗಿತ್ತು, ಕಿವಿ ಮಾತ್ರ ಟೇಪ್ ರೆಕಾರ್ಡರ್. ಕಾರ್ಟರ್ ಮಾತು ಬರ್ಕೊಳ್ಳೋದು, ರಿಡಲ್ ಧಾಟಿ ನೆನಪಿಟ್ಕೊಳ್ಳೋದು. ಹಾಡಿನ ಕಾಪಿರೈಟ್ ಪತ್ರದಲ್ಲಿ ಯಾರ ಹೆಸರು ಬಂತು ಅಂತ ನಾನು ಹೇಳ್ಬೇಕಾ? 1960ರ ದಶಕದಲ್ಲಿ ಮೈಕ್ ಸೀಗರ್ ಅನ್ನೋ ಗಾಯಕ ಹುಡ್ಕೊಂಡು ಹೋಗೋ ತನಕ ರಿಡಲ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಲ್ಲಿ ಯಾರಿಗೂ ಬೇಡದೋರಾಗಿದ್ರು. ಅದಕ್ಕೇ ಮಕ್ಕಳಿಗೆ ಹೇಳಿ, ಧಾಟಿ ಯಾರದ್ದೋ ಅವ್ರ ಹೆಸರು ಹಾಳೆ ಮೇಲೆ ಮೊದಲು ಬರೀಬೇಕು.

ಮೂರನೇ ಪಾಯಿಂಟು... ಇದು ಮೂರನೇದೇ ತಾನೇ? "ಗೆದ್ದೇ ಗೆಲ್ಲುವೆವು" ಅಂತ ಸ್ಕೂಲಲ್ಲಿ ಕೈ ಕೈ ಹಿಡ್ಕೊಂಡು ಹಾಡಿದೀವಲ್ಲ, ಕೈ ಎತ್ತಿ ಯಾರ್ಯಾರು ಹಾಡಿದೀರಿ? ನೋಡಿ, ಇಡೀ ಹಾಲ್. ಅದರ ಮೂಲ "ವಿ ಶಲ್ ಓವರ್ ಕಮ್", ಅಮೆರಿಕದ ಕಪ್ಪು ಜನರ ಚರ್ಚಿನಲ್ಲಿ ಹುಟ್ಟಿದ ಹಾಡು. ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆ ಹೆಂಗಸರು ಮುಷ್ಕರದಲ್ಲಿ ಹಾಡಿ, ಅಲ್ಲಿಂದ ಟೆನೆಸ್ಸಿ ಬೆಟ್ಟದ ಹೈಲ್ಯಾಂಡರ್ ಅನ್ನೋ ಶಾಲೆಗೆ ತಂದ್ರು. 1932ರಲ್ಲಿ ಶುರುವಾದ ಶಾಲೆ, ಕೂಲಿಕಾರರಿಗೆ. ಅಲ್ಲಿ ಹಾಡು ಹೇಳ್ಕೊಡ್ತಿದ್ದ ಜಿಲ್ಫಿಯಾ ಹಾರ್ಟನ್ ಅದನ್ನ ಬಂದೋರಿಗೆಲ್ಲ ಕಲಿಸಿದ್ರು, ಬಂದೋರ ಹಾಡು ತಾವೂ ಕಲೀತಿದ್ರು. 1959ರಲ್ಲಿ ಪೊಲೀಸರು ರೈಡ್ ಮಾಡಿ ದೀಪ ಆರಿಸಿದಾಗ ಕತ್ತಲಲ್ಲಿ ಕೂತಿದ್ದ ಒಬ್ಬ ಹುಡುಗಿ, ಜಮೀಲಾ ಜೋನ್ಸ್, ನಮಗೆ ಭಯ ಇಲ್ಲ ಅಂತ ಒಂದು ನುಡಿ ಸೇರಿಸಿದ್ಲು. ಹದಿನಾಲ್ಕೋ ಹದಿನೈದೋ ವಯಸ್ಸು, ನಾಳೆ ಶಿಬಿರಕ್ಕೆ ಬರೋ ಮಕ್ಕಳ ವಯಸ್ಸೇ. ಖಾಲಿ ಹಾಳೆ ಕೊಟ್ಟಿದ್ರೆ ಏನು ಬರೀತಿದ್ಲೋ, ಧಾಟಿ ಬಾಯಲ್ಲಿತ್ತು, ಮಾತು ಬಂತು.

ನನ್ನ ಹಾಡೇನಾಯ್ತು ಅಂತ ಕೇಳ್ತೀರಿ. ಬುಧವಾರ ಪೆನ್ನು ಸಿಕ್ತು. ಅಜ್ಜಿ ಬಗ್ಗೆ ಬರೆದೆ, ನೆನಪಿನ ಕಣಿವೆ, ಕಾಲದ ನದಿ ಅಂತೆಲ್ಲ. ಟೀಚರಮ್ಮ ಕೇಳಿಸ್ಕೊಂಡು, "ಚೆನ್ನಾಗಿದೆ, ಅಜ್ಜಿ ಎಲ್ಲಿ ನಿಂತಿದಾರೆ?" ಅಂದ್ರು. ಒಲೆ ಮುಂದೆ ಅಂದೆ. ಕೈಯಲ್ಲಿ ಏನಿದೆ? ಊದುಕೊಳವೆ. ಅದನ್ನ ಇಂಗ್ಲಿಷಲ್ಲಿ ಹೇಳೋಕೆ ಹೋಗಿ "ಊದೋ ಪೈಪು" ಅಂದ್ಬಿಟ್ಟೆ, ಕ್ಲಾಸಿನೋರು ಅಜ್ಜಿ ಬೇರೆ ಏನೋ ಸೇದ್ತಿದ್ರು ಅಂದ್ಕೊಂಡು ಗೊಳ್ ಅಂತ ನಕ್ರು. ಕಣಿವೆ ನದಿ ಎರಡೂ ಹೊಡೆದು ಹಾಕಿಸಿದ್ರು. ಊದುಕೊಳವೆ, ಹೊಗೆ, ಹಸಿ ತೆಂಗಿನ ಮಟ್ಟೆ, ಸೆರಗಲ್ಲಿ ಕಣ್ಣು ಒರ್ಸೋದು, ಅಷ್ಟು ಉಳೀತು. ಶುಕ್ರವಾರ ಹಾಡಿದಾಗ ನಾನೇ ಎರಡನೇ ನುಡಿಯಲ್ಲಿ ನಿಂತೋದೆ.

ಚೀಟಿ ಬಂತು. "ಐದು ನಿಮಿಷ, ಬಿಸಿಬೇಳೆಬಾತ್ ರೆಡಿ." ಸರಿ, ಉಳಿದಿದ್ದು ಓಡಿಸ್ತೀನಿ. ನಾಲ್ಕು, ಕೆಂಟಕಿಯ ಗಾಯಕಿ ಜೀನ್ ರಿಚಿ ಅವರ ಬಗ್ಗೆ ಹತ್ತು ನಿಮಿಷ ಇಟ್ಟಿದ್ದೆ, ಹದಿನಾಲ್ಕು ಮಕ್ಕಳಲ್ಲಿ ಕೊನೆಯೋರು, ಅಪ್ಪ ಮುಟ್ಬೇಡ ಅಂದ ಡಲ್ಸಿಮರ್ ಕದ್ದು ನುಡಿಸಿ ಕಲ್ತೋರು, ಗಣಿಗಾರಿಕೆ ವಿರುದ್ಧದ ಹಾಡುಗಳನ್ನ ಗಂಡಸಿನ ಹೆಸರಲ್ಲಿ ಹೊರಗೆ ಬಿಟ್ಟೋರು, ಊಟಕ್ಕೆ ಪಕ್ಕದಲ್ಲಿ ಕೂತೋರಿಗೆ ಹೇಳ್ತೀನಿ. ಐದು, ಸ್ಕೂಲು ಬಿಟ್ಮೇಲೆ ಬೆಟ್ಟದ ಮಕ್ಕಳಿಗೆ ಫಿಡಲ್ ಬ್ಯಾಂಜೋ ಕಲಿಸೋ ಕಾರ್ಯಕ್ರಮ, ನಮ್ಮ ರಾಜ್ಯದ ಸ್ಪಾರ್ಟಾದಲ್ಲೇ 2000ದಲ್ಲಿ ಶುರುವಾಯ್ತು. ಆರು ಓದೋಕಾಗ್ತಿಲ್ಲ, ನನ್ನ ಅಕ್ಷರ.

ಏಳು, ಮುಖ್ಯ ವಿಷ್ಯ. ಊರಿಂದ ಆರು ತಿಂಗಳಿಗೆ ಅಂತ ಬಂದು ಮನೇಲಿ ಸೀರಿಯಲ್ ನೋಡ್ಕೊಂಡು ಬೇಜಾರಾಗಿ ಕೂತಿರ್ತಾರಲ್ಲ ಅಮ್ಮಂದಿರು ಅತ್ತೆಯಂದಿರು, ನಾಳೆ ಅವ್ರನ್ನ ಕರ್ಕೊಂಡು ಬನ್ನಿ. ನಂಗೇನೂ ಬರಲ್ಲ ಅಂತಾರೆ, ಬಿಡ್ಬೇಡಿ, ಹಸೆ ಹಾಡು ಒಂದಾದ್ರೂ ಬರತ್ತೆ. ಒಬ್ಬೊಬ್ರ ಮುಂದೆ ಎರಡೆರಡು ಮಕ್ಕಳನ್ನ ಕೂರಿಸ್ತೀನಿ. ಕುರ್ಚಿ ಹತ್ರ ಹತ್ರ ಹಾಕೋದಕ್ಕೆ ಇಬ್ರು ವಾಲಂಟಿಯರ್ ಬೇಕು, ಹಿಂದಿನ ಸಾಲಿನ ಹುಡುಗ್ರು ಆಗ್ಬಹುದು. ಬೆಳಿಗ್ಗೆ ಹತ್ತಕ್ಕೆ ಬನ್ನಿ, ಪೆನ್ನು ತರ್ಬೇಡಿ, ಬುಧವಾರ ನಾನೇ ಕೊಡ್ತೀನಿ.