ಮದುಮಗಳು ಓಡಿಕೊಂಡು ಬಂದಳಾ?

(ಮಡಿಕೇರಿಯಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ನಾನು ಮೇಷ್ಟ್ರಲ್ಲ. ಗೋಣಿಕೊಪ್ಪಲಿನಲ್ಲಿ ಕೂತು ಮದುವೆ ವಿಡಿಯೊ ಎಡಿಟ್ ಮಾಡುವವನು. ಮದುವೆಗಳಿಲ್ಲದ ಮಳೆಗಾಲದಲ್ಲಿ ಹುಡುಗರ ಆಲ್ಬಂ ಹಾಡುಗಳಿಗೂ ಕತ್ತರಿ ಹಾಕುತ್ತೇನೆ. ಗಿರಾಕಿ ಬಂದು ಮೊಬೈಲ್ ಮುಂದೆ ಹಿಡಿದು 'ಅಣ್ಣಾ, ಸೇಮ್ ಇದೇ ಥರ ಬರಬೇಕು' ಅನ್ನುತ್ತಾರೆ, ಅಲ್ಲಿಂದ ನನ್ನ ಕೆಲಸ ಶುರು. ಒಂದು ವಿಡಿಯೊ ಇನ್ನೊಂದರಿಂದ ಏನು ಎತ್ತಿಕೊಳ್ಳುತ್ತದೆ ಅನ್ನುವುದರ ಮೇಲೇ ನನ್ನ ಹೊಟ್ಟೆಪಾಡು ನಿಂತಿದೆ ಅಂದರೂ ಸರಿಯೇ.

ಎರಡು ವರ್ಷದ ಕೆಳಗೆ ಒಂದು ಕೊಡವ ಮದುವೆ. ಗಂಗಾಪೂಜೆ ಮುಗಿಸಿ ಮದುಮಗಳು ತಲೆ ಮೇಲೆ ಬಿಂದಿಗೆ ಹೊತ್ತು ಬಾವಿಕಟ್ಟೆಯಿಂದ ಹೊರಟಿದ್ದಾಳೆ. ಎದುರಿಗೆ ವಾಲಗ, ದಾರಿಗೆ ಅಡ್ಡ ನೆಂಟರ ಕುಣಿತ. ಅವರು ಬಿಟ್ಟರೆ ಇವಳಿಗೊಂದು ಹೆಜ್ಜೆ. ನೋಡಿದವರಿಗೆ ಗೊತ್ತು, ನಾಲ್ಕು ಮಾರು ದಾರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ನಾನು ಅದನ್ನು 22 ಸೆಕೆಂಡಿಗೆ ಇಳಿಸಿ, ಯಾವುದೋ ಪಂಜಾಬಿ ಹಾಡಿನಲ್ಲಿ ಕಂಡ ಹಾಗೆ ಬೀಟಿಗೊಂದು ಕಟ್ ಹೊಡೆದು, ಬಿಂದಿಗೆಯಿಂದ ತುಳುಕಿದ ಹನಿಗೆ ಸ್ಲೋ ಮೋಷನ್ ಇಟ್ಟಿದ್ದೆ. ಮನೆಯವರಿಗೆಲ್ಲ ಖುಷಿ. ಅಜ್ಜಿ ಒಬ್ಬರು ಮಾತ್ರ ಎರಡು ಸಲ ಹಾಕಿಸಿ ನೋಡಿ, 'ಅಲ್ಲ ಕುಂಞಿ, ಹುಡುಗಿ ಬಾವಿಯಿಂದ ಓಡಿಕೊಂಡೇ ಬಂದಳಾ?' ಎಂದು ಕೇಳಿದರು.

ಅಲ್ಲಿದ್ದ ಅಸಲಿ ನಿಧಾನವನ್ನು ಕತ್ತರಿಸಿ ಬಿಸಾಕಿ, ಸಾಫ್ಟ್‌ವೇರಿನಿಂದ ಬೇರೆ ನಿಧಾನ ತಂದು ಅಂಟಿಸಿದ್ದೆ. ಆಮೇಲೆ ಯಾವ ಹಾಡು ನೋಡಿದರೂ ಇದನ್ನೇ ಹುಡುಕುತ್ತೇನೆ: ಎರವಲು ತಂದವರು ಚಿತ್ರ ಮಾತ್ರ ತಂದರಾ, ಅದರ ಹೊತ್ತನ್ನೂ ತಂದರಾ?

ಅಮೆರಿಕದ ಗಾಯಕಿ ಬಿಯಾನ್ಸೆಯನ್ನೇ ತೆಗೆದುಕೊಳ್ಳಿ. 1969ರಲ್ಲಿ ಬಾಬ್ ಫಾಸಿ ಎಂಬ ನೃತ್ಯ ಸಂಯೋಜಕ ತನ್ನ ಹೆಂಡತಿ ಗ್ವೆನ್ ವರ್ಡನ್ ಮತ್ತಿಬ್ಬರು ಹೆಂಗಸರಿಗೆ ಒಂದು ಕುಣಿತ ಕಟ್ಟಿಕೊಟ್ಟು ಅದು ಅಮೆರಿಕದ ಟಿವಿಯಲ್ಲಿ ಬಂತು. ಸುಮಾರು ನಾಲ್ಕು ದಶಕದ ಮೇಲೆ ಯಾರೋ ಅದಕ್ಕೆ ಹೊಸ ರ‍್ಯಾಪ್ ಹಾಡು ಜೋಡಿಸಿ ಯೂಟ್ಯೂಬಿಗೆ ಬಿಟ್ಟರು. ಬಿಯಾನ್ಸೆ ಕಣ್ಣಿಗೆ ಅದು ಬಿದ್ದದ್ದು ಅಲ್ಲೇ. 2008ರ 'ಸಿಂಗಲ್ ಲೇಡೀಸ್' ಹಾಡಿನ ವಿಡಿಯೊ ಹುಟ್ಟಿದ್ದು ಹೀಗೆ, ಎರವಲಿನ ಮೇಲೊಂದು ಎರವಲು. ಅದರಲ್ಲೂ ಮೂವರೇ. ಹಿಂದೆ ಖಾಲಿ ಗೋಡೆ, ಕಟ್‌ಗಳು ಕಣ್ಣಿಗೆ ಬೀಳುವುದೇ ಇಲ್ಲ. ಕುಣಿಯುವವರ ಮೈ ದಣಿಯುವುದು ನಮಗೂ ತಟ್ಟುತ್ತದೆ.

ಮೂರೇ ವರ್ಷಕ್ಕೆ, 2011ರಲ್ಲಿ, 'ಕೌಂಟ್‌ಡೌನ್' ಬಂತು. ಈ ಸಲ ಎತ್ತಿದ್ದು ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ದ ಕೇರ್ಸ್‌ಮಾಕರ್ ಅವರ 1983ರ 'ರೋಸಾಸ್ ದಾನ್ಸ್ಟ್ ರೋಸಾಸ್' ಎಂಬ ನೃತ್ಯದಿಂದ. ಕೇಳದೆ ತೆಗೆದರೆಂದು ಆಕೆ ಬೇಸರವನ್ನೂ ಹೇಳಿಕೊಂಡರು. ಮೂಲದಲ್ಲಿ ನಾಲ್ವರು ಹೆಂಗಸರು ಕುರ್ಚಿ ಮೇಲೆ ಕೂತಿದ್ದಾರೆ. ಕೂದಲು ಹಿಂದಕ್ಕೆ ತಳ್ಳುತ್ತಾರೆ, ಭುಜದ ಬಟ್ಟೆ ಜಾರಿಸಿ ಮತ್ತೆ ಎಳೆದುಕೊಳ್ಳುತ್ತಾರೆ, ದೊಪ್ಪನೆ ಮುಂದಕ್ಕೆ ಬಾಗುತ್ತಾರೆ. ಮತ್ತೆ ಅದೇ, ಮತ್ತೆ ಅದೇ. ಮೊದಲು ಬೇಜಾರಾಗುತ್ತದೆ, ನಿಜ ಹೇಳುತ್ತೇನೆ. ಆಮೇಲೆ ಅವರ ಉಸಿರು ಕೇಳತೊಡಗುತ್ತದೆ, ಆಗ ಎದ್ದುಹೋಗಲು ಆಗುವುದಿಲ್ಲ. 'ಕೌಂಟ್‌ಡೌನ್'ನಲ್ಲಿ ಭುಜ ಇದೆ, ಕೂದಲಿದೆ, ಎಲ್ಲ ಮಿಂಚಿ ಮಾಯ. ಅಜ್ಜಿ ನೋಡಿದ್ದರೆ ಬಿಯಾನ್ಸೆಗೂ ಅದೇ ಪ್ರಶ್ನೆ ಕೇಳುತ್ತಿದ್ದರು. ನನಗೆ ಇಷ್ಟವಾದದ್ದು ಮುಂದಿನದು. 2013ರಲ್ಲಿ ದ ಕೇರ್ಸ್‌ಮಾಕರ್ ಆ ಕುರ್ಚಿ ಕುಣಿತವನ್ನು ತಾವೇ ವಿಡಿಯೊದಲ್ಲಿ ಕಲಿಸಿ, ಯಾರು ಬೇಕಾದರೂ ನಿಮ್ಮದೇ ಥರ ಮಾಡಿ ಕಳಿಸಿ ಎಂದು ಊರಿಗೆಲ್ಲ ಕರೆ ಕೊಟ್ಟರು.

ಎಲ್ಲ ಎರವಲೂ ಬಚ್ಚಿಡುವಂಥದ್ದಲ್ಲ. ಮಡೋನಾ 1985ರಲ್ಲಿ ಮರ್ಲಿನ್ ಮನ್ರೋಳ ಗುಲಾಬಿ ಗೌನಿನಂಥದ್ದನ್ನೇ ತೊಟ್ಟು ಹಾಡಿದ್ದು ಜನ ಗುರುತಿಸಲಿ ಅಂತಲೇ. ಅದರಲ್ಲಿ ಹೇಳಲು ಹೆಚ್ಚೇನಿಲ್ಲ.

1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡದ ಒಂದು ಹಾಡಿನ ವಿಡಿಯೊದಲ್ಲಿ ಗಾಯಕಿ ಶಾರಾ ನೆಲ್ಸನ್ ಲಾಸ್ ಏಂಜಲಿಸ್‌ನ ಬೀದಿಯಲ್ಲಿ ಸುಮ್ಮನೆ ನಡೆಯುತ್ತಾ ಹೋಗುತ್ತಾರೆ, ಒಂದೇ ಶಾಟ್. ಸುತ್ತಲಿನವರ ಪರಿವೆಯೇ ಅವರಿಗಿಲ್ಲ. 1997ರಲ್ಲಿ ದ ವರ್ವ್ ತಂಡದ ರಿಚರ್ಡ್ ಆಶ್‌ಕ್ರಾಫ್ಟ್ ಅದೇ ಥರ ಲಂಡನ್ನಿನ ಹಾಕ್ಸ್‌ಟನ್ ಬೀದಿಯಲ್ಲಿ ನಡೆದರು, ಆದರೆ ಎದುರು ಬಂದವರಿಗೆಲ್ಲ ಡಿಕ್ಕಿ ಹೊಡೆಯುತ್ತಾ. ನಡಿಗೆಯ ಹೊತ್ತು ಹಾಗೇ ಉಳಿಯಿತು, ಜಗಳ ಹೊಸದಾಗಿ ಸೇರಿತು. ಇಂಥ ಸಾಲಗಾರರು ಸಿಕ್ಕರೆ ಯಾರಾದರೂ ಕೊಟ್ಟಾರು.

ನಮ್ಮೂರಿಗೆ ಬನ್ನಿ. 'ಮುಂಗಾರು ಮಳೆ' 2006ರ ಕೊನೆಗೆ ಬಂತು, ನಮ್ಮ ಮಾಂದಲ್‌ಪಟ್ಟಿಯನ್ನು ತೋರಿಸಿದ 'ಗಾಳಿಪಟ' 2008ರಲ್ಲಿ. ಇವತ್ತಿಗೂ ನನ್ನ ಹತ್ತಿರ ಬರುವ ಆಲ್ಬಂ ಹುಡುಗರಿಗೆ ಮಂಜು ಬೇಕು, ಜೀಪು ಬೇಕು, ಗುಡ್ಡದ ತುದಿಯಲ್ಲಿ ಕೈ ಚಾಚಿ ನಿಲ್ಲಬೇಕು. ಮೇಲಿಂದ ಡ್ರೋನ್. ಕೆಳಗೆ ಅವರದೇ ತೋಟ, ಕಾಳುಮೆಣಸು ಕುಯ್ಯುವವರು ಏಣಿ ಮೇಲಿದ್ದಾರೆ, ಆ ಕಡೆ ಕ್ಯಾಮೆರಾ ತಿರುಗುವುದಿಲ್ಲ. ಕೊಡವರ ನಿಲುವಂಗಿ ಕುಪ್ಯ ಹಾಕಿ, ಸೊಂಟಕ್ಕೆ ಚೇಲೆ ಪಟ್ಟಿ ಬಿಗಿದು, ಅದಕ್ಕೆ ಪೀಚೆಕತ್ತಿ ಸಿಕ್ಕಿಸಿದವನು ಹೀರೊ ಥರ ನಿಧಾನಕ್ಕೆ ನಡೆದು ಬರುತ್ತಾನೆ. ಅದೇ ಹುಡುಗ ಮದುವೆಯಲ್ಲಿ ವಾಲಗಕ್ಕೆ ಕುಣಿಯುವುದನ್ನು ನೋಡಿದ್ದೇನೆ, ಅಲ್ಲಿ ಅವನ ಮೈ ಬೇರೆಯೇ. ಆ ಹೆಜ್ಜೆಯನ್ನು ಅವನಿಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಗುಂಪಿನ ಅಂಚಿನಲ್ಲಿ ನಿಂತು ಮಾವಂದಿರ ಕಾಲು ನೋಡಿ ಎತ್ತಿಕೊಂಡದ್ದು. ಅದೂ ಎರವಲೇ. ಆದರೆ ಮದುವೆ ಮದುವೆಗೆ ನಿಂತು, ಬೆವರಿ ತಂದದ್ದು.

ಆ ಮದುವೆಯ ಕಚ್ಚಾ ಫುಟೇಜ್ ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಮನೆಯವರನ್ನು ಕೇಳಿ, ಬಾವಿಕಟ್ಟೆಯಿಂದ ಮೊದಲ ತಿರುವಿನವರೆಗಿನ 11 ನಿಮಿಷ ತಂದಿದ್ದೇನೆ, ಒಂದೂ ಕಟ್ ಇಲ್ಲ. ನಡುವೆ ಒಂದು ಕಡೆ ಅವಳಿಗೆ ನಗು ತಡೆಯಲಾಗುವುದಿಲ್ಲ, ಬಿಂದಿಗೆ ಅಲ್ಲಾಡುತ್ತದೆ, ಕೊಂಬು ಊದುವವರೂ ಒಂದು ಕ್ಷಣ ನಿಲ್ಲಿಸುತ್ತಾರೆ. ಅದು ಎಷ್ಟನೇ ನಿಮಿಷ ಅಂತ ಮೊದಲೇ ಹೇಳುವುದಿಲ್ಲ. ಹಿಂದಿನ ಬೆಂಚಿನವರು ಸ್ವಲ್ಪ ಲೈಟ್ ಆರಿಸಿ.